ಟೆಸ್ಟೋಸ್ಟೆರಾನ್ ಇಂಜೆಕ್ಷನ್: ಯಾವುದು ಅನ್ನೋದಕ್ಕಿಂತ ಮೊದಲು, ಹಾಕುವವರು ಯಾರು?

ಡಾಕ್ಟರ್ ಚೀಟಿ ಬರೆದುಕೊಟ್ಟ ಮೇಲೆ ಹೆಚ್ಚಿನವರು ನನ್ನ ಟೇಬಲ್ ಹತ್ತಿರ ಬಂದು ಕೇಳುವುದು ಒಂದೇ. "ಸಿಸ್ಟರ್, ಈ ಇಂಜೆಕ್ಷನ್‌ಗಳಲ್ಲಿ ಯಾವುದು ಒಳ್ಳೇದು?" ನಾನು ಶಿವಮೊಗ್ಗದಲ್ಲಿ ಹಾರ್ಮೋನ್ ಡಾಕ್ಟರ ಓಪಿಡಿಯಲ್ಲಿ ಸ್ಟಾಫ್ ನರ್ಸ್. ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನ್, ಅದರ ಇಂಜೆಕ್ಷನ್ ಹಾಕುವುದು, ಮನೆಯಲ್ಲಿ ಹಾಕಿಕೊಳ್ಳುವವರಿಗೆ ಕಲಿಸಿಕೊಡುವುದು ನನ್ನ ಕೆಲಸ. ಅವರ ಪ್ರಶ್ನೆಗೆ ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ. "ನಿಮಗೆ ಸೂಜಿ ಹಾಕುವವರು ಯಾರು?"

ಇದಕ್ಕೆ ಕಾರಣ ಇದೆ. ಎಲ್ಲ ಬಾಟಲಿಯಲ್ಲೂ ಇರುವ ಹಾರ್ಮೋನ್ ಒಂದೇ. ಬೇರೆ ಬೇರೆ ಆಗುವುದು ಅದು ಎಷ್ಟು ದಿನ ಮೈಯಲ್ಲಿ ನಿಲ್ಲುತ್ತದೆ, ಯಾವ ಎಣ್ಣೆಯಲ್ಲಿ ಕಲಸಿದ್ದಾರೆ, ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ಮಾತ್ರ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೆ ಆಪರೇಷನ್ ಆದವರು, ಹುಟ್ಟಿನಿಂದಲೇ ಕ್ಲೈನ್‌ಫೆಲ್ಟರ್ (ಗಂಡಸರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವುದು) ಇರುವವರು ಇದನ್ನು ವರ್ಷಾನುಗಟ್ಟಲೆ, ಎಷ್ಟೋ ಸಲ ಜೀವನಪೂರ್ತಿ ತೆಗೆದುಕೊಳ್ಳಬೇಕು. ಹಾಗಿದ್ದಾಗ ಸರಿಯಾದ ದಿನ ಸೂಜಿ ಹಾಕುವ ಕೈ ಸಿಗದಿದ್ದರೆ ಎಷ್ಟು ಒಳ್ಳೆ ಔಷಧಿ ಆದರೂ ಏನು ಪ್ರಯೋಜನ? ಹಾಕುವವರು ಯಾರು ಅಂತ ಗೊತ್ತಾದರೆ ಉಳಿದದ್ದು ಅರ್ಧ ತೀರ್ಮಾನ ಆದ ಹಾಗೆ.

ಯಾವ ಔಷಧಿ, ಎಷ್ಟು ಡೋಸ್ ಅಂತ ಹೇಳುವುದು ನಿಮ್ಮ ಡಾಕ್ಟರ್. ಅವರ ಎದುರು ಕೂತಾಗ ಏನು ಕೇಳಬೇಕು, ನಿಮ್ಮ ಬಗ್ಗೆ ಏನು ಹೇಳಬೇಕು ಅನ್ನುವುದು ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ

ಒಂದೇ ಒಂದು ರಕ್ತಪರೀಕ್ಷೆ ನೋಡಿ ಶುರು ಮಾಡುವ ಚಿಕಿತ್ಸೆ ಇದಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ, ಎರಡು ಬೇರೆ ಬೇರೆ ದಿನ, ಟೆಸ್ಟೋಸ್ಟೆರಾನ್ ಕಡಿಮೆ ಬಂದಿರಬೇಕು. ಜೊತೆಗೆ ಲಕ್ಷಣಗಳೂ ಇರಬೇಕು. ಮಧ್ಯಾಹ್ನ ಊಟ ಮಾಡಿ ಬಂದು ಕೊಟ್ಟ ರಕ್ತದಲ್ಲಿ ಕಡಿಮೆ ಬಂದರೆ ಅದನ್ನು ನಂಬುವ ಹಾಗಿಲ್ಲ. ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ ಪಿಟ್ಯುಟರಿಯ ಹಾರ್ಮೋನ್‌ಗಳನ್ನೂ ನೋಡುತ್ತಾರೆ. ತೊಂದರೆ ವೃಷಣದಲ್ಲೋ ಪಿಟ್ಯುಟರಿಯಲ್ಲೋ ಅಂತ ಗೊತ್ತಾಗುವುದು ಅದರಿಂದ. ಹೀಮೊಗ್ಲೋಬಿನ್ ಜೊತೆ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವ ಪರೀಕ್ಷೆಯೂ ಇರಬೇಕು. ವಯಸ್ಸಾದವರಿಗೆ ಪಿಎಸ್‌ಎ ಅನ್ನುವ ಪ್ರೊಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ ಬೇಕು. ರಾತ್ರಿ ಜೋರು ಗೊರಕೆ, ಮಧ್ಯೆ ಉಸಿರು ನಿಂತ ಹಾಗೆ ಆಗುವುದು ಇದ್ದರೆ ಮನೆಯವರನ್ನು ಕರೆದುಕೊಂಡು ಬನ್ನಿ. ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮುಂದಿನ ಒಂದೆರಡು ವರ್ಷದಲ್ಲಿ ಮಗು ಬೇಕು ಅಂತಿದ್ದರೆ ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ದಯವಿಟ್ಟು ನಾಚಿಕೊಳ್ಳಬೇಡಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಪಿಟ್ಯುಟರಿ ಗ್ರಂಥಿ "ಇನ್ನು ನನ್ನ ಕೆಲಸ ಬೇಡ" ಅಂತ ಸುಮ್ಮನಾಗಿಬಿಡುತ್ತದೆ. ಆಗ ವೀರ್ಯಾಣು ತಯಾರಾಗುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲಲೂಬಹುದು. ಪಿಟ್ಯುಟರಿ ಕಡೆಯಿಂದ ತೊಂದರೆ ಇರುವವರಿಗೆ ಎಚ್‌ಸಿಜಿ ಅನ್ನುವ ಬೇರೆ ಇಂಜೆಕ್ಷನ್ ದಾರಿ ಇದೆ. ಮದುವೆಯಾದ ಹೊಸತರಲ್ಲಿ ಅಮ್ಮನ ಜೊತೆ ಬರುವ ಹುಡುಗರು ಈ ವಿಷಯ ಎತ್ತುವುದೇ ಇಲ್ಲ. ಹಾಗಾಗಿ ನಾನು ಅಮ್ಮನನ್ನು ಹೊರಗೆ ಕೂರಿಸಿಯೇ ಕೇಳುತ್ತೇನೆ.

ನಮ್ಮ ಮೆಡಿಕಲ್ ಶಾಪಿನಲ್ಲಿ ಏನು ಸಿಗುತ್ತದೆ

ಇಂಟರ್‌ನೆಟ್‌ನಲ್ಲಿ ನೋಡಿ ಬರುವವರು "ಸಿಪಿಯೊನೇಟ್" ಅಂತ ಹೇಳುತ್ತಾರೆ. ಅದೂ ಒಂದು ಬಗೆಯ ಟೆಸ್ಟೋಸ್ಟೆರಾನೇ, ಆದರೆ ಹೆಚ್ಚಾಗಿ ಅಮೆರಿಕದ ಅಭ್ಯಾಸ. ಅಲ್ಲಿ ರಬ್ಬರ್ ಮುಚ್ಚಳದ ಬಾಟಲಿ ಸಿಗುತ್ತದೆ, ಹತ್ತಿಬೀಜದ ಎಣ್ಣೆಯಲ್ಲಿ. ಒಂದೇ ಬಾಟಲಿಯಿಂದ ಹಲವು ಸಲ ಎಳೆದುಕೊಳ್ಳಬಹುದು. ನಮ್ಮಲ್ಲಿ ಚೀಟಿಯಲ್ಲಿ ಸಾಮಾನ್ಯವಾಗಿ ಬರುವುದು ಮೂರು ಬಗೆ.

ಒಂದು, ಎನಾಂಥೇಟ್. ಟೆಸ್ಟೋವಿರಾನ್ ಡಿಪೋ 250 ಅಂತ ಕೇಳಿರುತ್ತೀರಿ. 1 ಎಂಎಲ್ ಗಾಜಿನ ಆಂಪೂಲ್, ಅದರಲ್ಲಿ 250 ಮಿ.ಗ್ರಾಂ. ಎರಡನೆಯದು ಸಸ್ಟನಾನ್ 250. ಇದರಲ್ಲಿ ಬೇಗ ಕರಗುವುದು, ನಿಧಾನಕ್ಕೆ ಕರಗುವುದು ಹೀಗೆ ನಾಲ್ಕು ಬಗೆಯ ಟೆಸ್ಟೋಸ್ಟೆರಾನ್ ಸೇರಿಸಿದ್ದಾರೆ. ಕಲಸಿರುವುದು ಶೇಂಗಾ ಎಣ್ಣೆಯಲ್ಲಿ. ಶೇಂಗಾ ಅಥವಾ ಸೋಯಾ ಅಲರ್ಜಿ ಇದ್ದವರು ಇದನ್ನು ಮುಟ್ಟಲೇಬಾರದು. ಮೂರನೆಯದು ಅನ್‌ಡಿಕೆನೊಯೇಟ್. ನೆಬಿಡೋ, ಸರ್ನೋಸ್ ಡಿಪೋ ಅನ್ನುವ ಹೆಸರಲ್ಲಿ ಬರುತ್ತದೆ. 4 ಎಂಎಲ್, ಅದರಲ್ಲಿ 1000 ಮಿ.ಗ್ರಾಂ. ಇದನ್ನು ಕಲಸಿರುವುದು ಹರಳೆಣ್ಣೆಯಲ್ಲಿ. ಹೌದು, ನಾವು ತಲೆಗೆ ತಟ್ಟಿಕೊಳ್ಳುತ್ತೀವಲ್ಲ, ಅದೇ ಜಾತಿಯ ಎಣ್ಣೆ, ಇಂಜೆಕ್ಷನ್‌ಗೆ ಅಂತ ಶುದ್ಧ ಮಾಡಿದ್ದು. ಅದು ಎಷ್ಟು ಮಂದ ಅಂತ ನಿಮಗೇ ಗೊತ್ತು.

ಮೊದಲ ಎರಡರಲ್ಲಿ ಒಂದು ಏರಿಳಿತ ಇರುತ್ತದೆ. ಹಾಕಿದ ಒಂದೆರಡು ದಿನಕ್ಕೆ ಮಟ್ಟ ಮೇಲೇರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಮೂರು ವಾರಕ್ಕೊಂದು ತೆಗೆದುಕೊಳ್ಳುವವರಲ್ಲಿ ಕೊನೆಯ ವಾರ ಸುಸ್ತು, ಸಿಡುಕು ಜಾಸ್ತಿ. "ಇವರಿಗೆ ಇಂಜೆಕ್ಷನ್ ಡೇಟ್ ಹತ್ತಿರ ಬಂತು ಅಂತ ನನಗೆ ಮೊದಲೇ ಗೊತ್ತಾಗುತ್ತೆ ಸಿಸ್ಟರ್" ಅಂತ ಹೆಂಡತಿಯರೇ ಹೇಳುತ್ತಾರೆ. ಅದಕ್ಕೆ ಈಗ ಡಾಕ್ಟರ್‌ಗಳು ದೊಡ್ಡ ಡೋಸ್ ದೂರ ದೂರ ಕೊಡುವ ಬದಲು ಸಣ್ಣ ಡೋಸ್ ಹತ್ತಿರ ಹತ್ತಿರ ಕೊಡುವುದಕ್ಕೆ ಒಲವು ತೋರಿಸುತ್ತಾರೆ. ಹಾರ್ಮೋನ್ ಡಾಕ್ಟರ್‌ಗಳ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯಲ್ಲಿ ಎನಾಂಥೇಟ್‌ಗೆ ಎರಡು ವಾರಕ್ಕೆ 150ರಿಂದ 200 ಮಿ.ಗ್ರಾಂ, ಅಥವಾ ವಾರಕ್ಕೆ 75ರಿಂದ 100 ಮಿ.ಗ್ರಾಂ ಅಂತ ಇದೆ. ಅನ್‌ಡಿಕೆನೊಯೇಟ್ ಮಟ್ಟ ಇಷ್ಟು ಕುಣಿಯುವುದಿಲ್ಲ. ಮೊದಲನೆಯದು ಆದ 6 ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಂದು.

ಕೇಳಿದ ಕೂಡಲೇ ಎಲ್ಲರಿಗೂ ಅನ್‌ಡಿಕೆನೊಯೇಟ್ ಇಷ್ಟವಾಗುತ್ತದೆ. ವರ್ಷಕ್ಕೆ ನಾಲ್ಕೈದು ಸೂಜಿ ಸಾಕು, ಅಲ್ವಾ? ಆದರೆ ಇಲ್ಲೇ ನನ್ನ ಪ್ರಶ್ನೆ ಬರುವುದು. ಹಾಕುವವರು ಯಾರು?

ಆಸ್ಪತ್ರೆಯಲ್ಲೇ ಆಗಬೇಕಾದದ್ದು

ಅನ್‌ಡಿಕೆನೊಯೇಟ್ ಮನೆಯಲ್ಲಿ ಹಾಕಿಕೊಳ್ಳುವ ಇಂಜೆಕ್ಷನ್ ಅಲ್ಲ. ಈ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿ ಆಗುವುದಿಲ್ಲ. 4 ಎಂಎಲ್ ಹರಳೆಣ್ಣೆಯನ್ನು ಕುಂಡಿಯ ದಪ್ಪ ಸ್ನಾಯುವಿನ ಆಳಕ್ಕೆ, ಎರಡು ನಿಮಿಷ ಹಿಡಿದು, ನಿಧಾನವಾಗಿ ತಳ್ಳಬೇಕು. ತೋಳಿಗೆ ಹಾಕುವ ಹಾಗಿಲ್ಲ. ಅವಸರ ಮಾಡಿದರೆ, ಅಥವಾ ಸೂಜಿ ತುದಿ ರಕ್ತನಾಳದಲ್ಲಿದ್ದರೆ, ಎಣ್ಣೆಯ ಸಣ್ಣ ಹನಿಗಳು ಶ್ವಾಸಕೋಶಕ್ಕೆ ಹೋಗಬಹುದು. ಗಂಟಲು ಕೆರೆತ, ತಡೆಯಲಾಗದ ಕೆಮ್ಮು, ಉಸಿರು ಕಟ್ಟಿದ ಹಾಗೆ, ಬೆವರು, ತಲೆಸುತ್ತು. ಹೆಚ್ಚಾಗಿ ಸ್ವಲ್ಪ ಹೊತ್ತಲ್ಲೇ ಇಳಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ಆಕ್ಸಿಜನ್ ಮತ್ತು ತಿಳಿದವರು ಇರಬೇಕು. ಅಮೆರಿಕದಲ್ಲಿ ಇದೇ ಔಷಧಿ ಹಾಕಿದ ಮೇಲೆ 30 ನಿಮಿಷ ಅಲ್ಲೇ ಕೂರಿಸಿ ನೋಡಬೇಕು ಅಂತ ನಿಯಮವೇ ಇದೆ. ನಾನೂ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತೇನೆ. "ಬಸ್ಸಿಗೆ ಲೇಟಾಗುತ್ತೆ" ಅಂದರೂ ಬಿಡುವುದಿಲ್ಲ. ಮುಂದಿನ ಬಸ್ಸಿನ ಟೈಮ್ ನೋಡಿಕೊಂಡೇ ಬನ್ನಿ.

ಹಾಗಾದರೆ ಇದು ಯಾರಿಗೆ ಹೊಂದುತ್ತದೆ? ನಮ್ಮಲ್ಲಿಗೆ ಬರುವ ಒಬ್ಬರು ಕೆಎಸ್‌ಆರ್‌ಟಿಸಿ ಡ್ರೈವರ್. ರಾತ್ರಿ ಡ್ಯೂಟಿ, ಡಿಪೋದಲ್ಲೇ ಮಲಗುವುದು. ಯಾವ ಸೋಮವಾರ ಎಲ್ಲಿರುತ್ತಾರೆ ಅಂತ ಅವರಿಗೇ ಗೊತ್ತಿಲ್ಲ. ವಾರಕ್ಕೊಂದು ಸೂಜಿ ಅವರಿಂದ ಆಗುವ ಮಾತಲ್ಲ. ಮೂರು ತಿಂಗಳಿಗೊಮ್ಮೆ ರಜೆ ಹಾಕಿ ಬರುವುದು ಅವರಿಗೆ ಸುಲಭ. ಇನ್ನೊಬ್ಬರು ಹೊಸನಗರ ಕಡೆಯ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಅವರ ಊರಿನ ದಾರಿ ಯಾವಾಗ ಕಟ್ಟುತ್ತದೋ ಹೇಳುವ ಹಾಗಿಲ್ಲ. ಅವರು ಜೂನ್ ಮೊದಲ ವಾರ ಒಂದು ಹಾಕಿಸಿಕೊಂಡು ಹೋದರೆ ಮತ್ತೆ ಬರುವುದು ಮಳೆ ಕಡಿಮೆಯಾದ ಮೇಲೆ, ಗಣೇಶನ ಹಬ್ಬದ ಹೊತ್ತಿಗೆ. 10ರಿಂದ 14 ವಾರದ ಅಂತರ ಇರುವುದರಿಂದ ಈ ಲೆಕ್ಕ ಕೂಡುತ್ತದೆ. ಡಾಕ್ಟರ್ ಒಪ್ಪಿಯೇ ಹೀಗೆ ಮಾಡಿದ್ದು.

ಇದರ ಕಷ್ಟ ಏನೆಂದರೆ, ಒಳಗೆ ಹೋದದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ. ಏನಾದರೂ ಹೊಂದದಿದ್ದರೆ ವಾರಗಟ್ಟಲೆ ಅದು ಮೈಯಲ್ಲೇ ಇರುತ್ತದೆ. ಅದಕ್ಕೆ ಹೊಸಬರಿಗೆ, ಅದರಲ್ಲೂ ವಯಸ್ಸಾದವರಿಗೆ, ಮೊದಲು ಕಡಿಮೆ ದಿನ ನಿಲ್ಲುವ ಔಷಧಿ ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ಕೊಟ್ಟು ನೋಡುವ ಡಾಕ್ಟರ್‌ಗಳಿದ್ದಾರೆ. ನನಗೆ ಅದು ಸರಿ ಅನಿಸುತ್ತದೆ. ಇನ್ನೊಂದು, ಒಂದೇ ಸಲಕ್ಕೆ ದೊಡ್ಡ ದುಡ್ಡು ಕೊಡಬೇಕು. ತಿಂಗಳ ಲೆಕ್ಕಕ್ಕೆ ಹಂಚಿ, ಬಸ್ ಚಾರ್ಜು, ಕೂಲಿ ತಪ್ಪುವುದು ಎಲ್ಲ ಸೇರಿಸಿ ನೋಡಿ. ಆಮೇಲೆ ಹೋಲಿಸಿ.

ಮನೆಯಲ್ಲಿ ಹಾಕಿಕೊಳ್ಳುವುದಾದರೆ

ಎನಾಂಥೇಟ್ ಆಂಪೂಲನ್ನು ಕಲಿತವರು ಮನೆಯಲ್ಲೇ ಹಾಕಬಹುದು. ಹೆಂಡತಿ ಹಾಕುವವರಿದ್ದಾರೆ, ಅಣ್ಣತಮ್ಮ ಹಾಕುವವರಿದ್ದಾರೆ, ತಾವೇ ಹಾಕಿಕೊಳ್ಳುವವರಿದ್ದಾರೆ. ಬೆಂಗಳೂರಿನ ಪಿಜಿಯಲ್ಲಿರುವ ಒಬ್ಬ ಹುಡುಗ ತಾನೇ ತೊಡೆಗೆ ಹಾಕಿಕೊಳ್ಳುತ್ತಾನೆ. ಟ್ರಾನ್ಸ್ ಗಂಡಸರೂ ನಮ್ಮಲ್ಲಿ ಕಲಿತು ಹೋಗಿದ್ದಾರೆ. ಊರಿನ ಕ್ಲಿನಿಕ್‌ನಲ್ಲಿ ಬೇಡದ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ಬಾಗಿಲು ಹಾಕಿಕೊಂಡು ತಾವೇ ಹಾಕಿಕೊಳ್ಳುವುದು ಅವರಿಗೆ ಎಷ್ಟೋ ನೆಮ್ಮದಿ. ಇವರೆಲ್ಲ ಮೊದಲು ನಮ್ಮ ಕಣ್ಣೆದುರಿಗೆ ಹಾಕಿ ತೋರಿಸಿ, ಕೈ ಕೂತ ಮೇಲೆ ಮನೆಯಲ್ಲಿ ಶುರು ಮಾಡಿದವರು. ವಿಡಿಯೋ ನೋಡಿ ಕಲಿಯುವುದು ಸಾಲುವುದಿಲ್ಲ.

ಹಾಕುವ ಜಾಗ ಯಾವುದು ಅನ್ನುವುದು ಹಾಕುವವರ ಮೇಲೆ ಹೋಗುತ್ತದೆ.

ನೀವೇ ಹಾಕಿಕೊಳ್ಳುವುದಾದರೆ ತೊಡೆ. ಕುರ್ಚಿಯ ಮೇಲೆ ಕೂತುಕೊಳ್ಳಿ. ಮಂಡಿಯಿಂದ ಒಂದು ಹಸ್ತ ಮೇಲೆ, ತೊಡೆಯ ಮೇಲ್ಭಾಗದಲ್ಲಿ ಹೊರಗೆ ಉಬ್ಬಿದ ಮೂಳೆಯಿಂದ ಒಂದು ಹಸ್ತ ಕೆಳಗೆ ಬಿಡಿ. ನಡುವೆ ಉಳಿದ ಭಾಗದಲ್ಲಿ, ಹೊರಮಗ್ಗುಲಿಗೆ ಹಾಕಬೇಕು. ಪ್ಯಾಂಟಿನ ಹೊರ ಹೊಲಿಗೆ ಎಲ್ಲಿ ಬರುತ್ತದೋ ಅದಕ್ಕಿಂತ ಸ್ವಲ್ಪ ಮುಂದೆ. ಒಳತೊಡೆ ಕಡೆ ಹೋಗಲೇಬೇಡಿ, ಅಲ್ಲಿ ದೊಡ್ಡ ರಕ್ತನಾಳ, ನರ ಇವೆ. ತೊಡೆಗೆ ಹಾಕಿದ ಮಾರನೇ ದಿನ ಮೆಟ್ಟಿಲು ಹತ್ತುವಾಗ ಸ್ವಲ್ಪ ನೋವು ಇರುತ್ತದೆ. ಅದು ಸಾಮಾನ್ಯ.

ಬೇರೆಯವರು ಹಾಕುವುದಾದರೆ ಸೊಂಟದ ಪಕ್ಕದ ಜಾಗ ನನ್ನ ಆಯ್ಕೆ. ಕುಂಡಿಯ ಹಿಂಭಾಗ ಅಲ್ಲ, ಪಕ್ಕ. ಎಡ ಸೊಂಟಕ್ಕೆ ಹಾಕುವವರು ಬಲಗೈ ಇಡಬೇಕು. ರೋಗಿ ಮಗ್ಗುಲಾಗಿ ಮಲಗಿರಲಿ. ತೊಡೆಯ ಮೇಲ್ಭಾಗದಲ್ಲಿ ಹೊರಗೆ ಉಬ್ಬಿದ ಮೂಳೆ ಸಿಗುತ್ತದೆ, ಅದರ ಮೇಲೆ ಅಂಗೈಯ ಬುಡ ಬರಲಿ. ಹೆಬ್ಬೆರಳು ತೊಡೆಸಂದಿನ ಕಡೆಗಿರಲಿ. ತೋರುಬೆರಳನ್ನು ಸೊಂಟದ ಮುಂದಿನ ಮೂಳೆಯ ತುದಿಗೆ ಮುಟ್ಟಿಸಿ. ನಡುಬೆರಳನ್ನು ಹಿಂದಕ್ಕೆ, ಸೊಂಟದ ಮೂಳೆಯ ಅಂಚಿನ ಉದ್ದಕ್ಕೆ ಅಗಲಿಸಿ. ಎರಡು ಬೆರಳ ನಡುವೆ ಮೂರು ಮೂಲೆಯ ಜಾಗ ಬರುತ್ತದಲ್ಲ, ಅದರ ಮಧ್ಯಕ್ಕೆ ಸೂಜಿ. ಅಲ್ಲಿ ಸ್ನಾಯು ದಪ್ಪ, ಕೊಬ್ಬು ಕಡಿಮೆ, ದೊಡ್ಡ ನರ ಹತ್ತಿರ ಇಲ್ಲ. ಕಲಿಯಲು ಬಂದ ಹೆಂಡತಿಯರಿಗೆ ನಾನು ಪೆನ್ನಿನಲ್ಲಿ ಗುರುತು ಮಾಡಿ, ಒರೆಸಿ, ಮತ್ತೆ ಅವರ ಕೈಯಲ್ಲೇ ಹುಡುಕಿಸುತ್ತೇನೆ. ಮೂಳೆ ಬೆರಳಿಗೆ ಸಿಕ್ಕಿತು ಅಂದರೆ ಅವರ ಮುಖದ ಹೆದರಿಕೆಯೇ ಹೋಗುತ್ತದೆ.

ಊರಿನ ಕಾಂಪೌಂಡರ್ ಹತ್ತಿರ ಹಾಕಿಸಿಕೊಂಡರೆ ಅವರು ಕುಂಡಿಯ ಹಿಂಭಾಗಕ್ಕೇ ಹಾಕುವುದು ರೂಢಿ. ಅಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ. ಕುಂಡಿಯನ್ನು ನಾಲ್ಕು ಭಾಗ ಮಾಡಿದರೆ ಮೇಲಿನ ಹೊರ ಭಾಗಕ್ಕೇ ಹಾಕಬೇಕು. ಪ್ಯಾಂಟನ್ನು ಸರಿಯಾಗಿ ಕೆಳಗಿಳಿಸಿ ಮಲಗಿ. ನಿಂತಲ್ಲೇ, ಪ್ಯಾಂಟ್ ಎರಡಿಂಚು ಸರಿಸಿ ಹಾಕಿಸಿಕೊಳ್ಳುವುದು ಬೇಡ. ಸೂಜಿ ಹೊಕ್ಕ ಕೂಡಲೇ ಕಾಲಿನವರೆಗೆ ಕರೆಂಟ್ ಹೊಡೆದ ಹಾಗೆ ಆದರೆ "ತೆಗೀರಿ" ಅಂತ ತಕ್ಷಣ ಹೇಳಿ. ತಡೆದುಕೊಳ್ಳುವುದು ಅಲ್ಲಿ ಗಂಡಸುತನ ಅಲ್ಲ.

ತೋಳಿನ ಸ್ನಾಯು ಚಿಕ್ಕದು. 1 ಎಂಎಲ್‌ಗಿಂತ ಜಾಸ್ತಿ ಹಿಡಿಯುವುದಿಲ್ಲ. ನಾನು ಬಳಸುವುದು ಕಡಿಮೆ.

ಚರ್ಮದಡಿಯ ದಾರಿ

ಇನ್ಸುಲಿನ್ ಹಾಕಿಕೊಳ್ಳುವ ಹಾಗೆ ಹೊಟ್ಟೆಯ ಚರ್ಮದಡಿಗೆ ಟೆಸ್ಟೋಸ್ಟೆರಾನ್ ಹಾಕಬಹುದಾ ಅಂತ ಕೇಳುವವರು ಈಗ ಹೆಚ್ಚಾಗಿದ್ದಾರೆ. ಹಾಕಬಹುದು. ಎನಾಂಥೇಟ್ ಸಣ್ಣ ಡೋಸ್‌ನಲ್ಲಿ ವಾರಕ್ಕೊಮ್ಮೆ ಹೊಟ್ಟೆಯ ಕೊಬ್ಬಿಗೆ ಕೊಟ್ಟರೆ ಮಟ್ಟ ಚೆನ್ನಾಗಿಯೇ ನಿಲ್ಲುತ್ತದೆ. ಅಮೆರಿಕದಲ್ಲಿ 2018ರಲ್ಲಿ ಝಯೋಸ್ಟೆಡ್ ಅನ್ನುವ ಪೆನ್ನಿಗೆ ಒಪ್ಪಿಗೆ ಸಿಕ್ಕಿತು. 50, 75, 100 ಮಿ.ಗ್ರಾಂ ಅಳತೆಯಲ್ಲಿ ಬರುತ್ತದೆ, ಎಳ್ಳೆಣ್ಣೆಯಲ್ಲಿ. ವಾರಕ್ಕೊಮ್ಮೆ ಹೊಟ್ಟೆಗೆ ಒತ್ತಿದರೆ ಆಯಿತು. ಆದರೆ ಬಿಪಿ ಏರಬಹುದು ಅನ್ನುವ ಗಂಭೀರ ಎಚ್ಚರಿಕೆ ಅದರ ಮೇಲೇ ಇದೆ. ಹಾಗಾಗಿ ಈ ದಾರಿ ಹಿಡಿಯುವವರು ಬಿಪಿ ನೋಡಿಸಿಕೊಳ್ಳುತ್ತಲೇ ಇರಬೇಕು.

ನಮ್ಮಲ್ಲಿ ಇದಕ್ಕೆ ಅಡ್ಡಿ ಆಂಪೂಲ್. 250 ಮಿ.ಗ್ರಾಂ ಆಂಪೂಲಿನಿಂದ 75 ಮಿ.ಗ್ರಾಂ ಬೇಕೆಂದರೆ 0.3 ಎಂಎಲ್ ಸಾಕು. ಉಳಿದ 0.7 ಎಂಎಲ್? ಚೆಲ್ಲಬೇಕು. ಮುರಿದ ಆಂಪೂಲನ್ನು ಹತ್ತಿ ಇಟ್ಟು ಮುಚ್ಚುವುದು, ಸಿರಿಂಜಿನಲ್ಲಿ ಎಳೆದು ಮುಂದಿನ ವಾರಕ್ಕೆ ಫ್ರಿಜ್‌ನಲ್ಲಿ ಇಡುವುದು ಎರಡೂ ಬೇಡ. ಕೀವು ಕಟ್ಟಿಕೊಂಡು ಬಂದವರಿಗೆ ಡ್ರೆಸ್ಸಿಂಗ್ ಮಾಡಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ವಾರಕ್ಕೊಂದು ಆಂಪೂಲ್ ಒಡೆಯುವ ಖರ್ಚು ತಡೆಯುತ್ತದಾ ಅಂತ ನೋಡಿಕೊಳ್ಳಿ. ತಡೆಯದಿದ್ದರೆ ಎರಡು ವಾರಕ್ಕೊಮ್ಮೆ ಸ್ನಾಯುವಿಗೆ ಹಾಕುವುದೇ ಮೇಲು. ಆಗ ಒಂದು ಆಂಪೂಲಿನ ಹೆಚ್ಚಿನ ಭಾಗ ಬಳಕೆಯಾಗುತ್ತದೆ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ವಾರ್ಫರಿನ್ ತರಹದ್ದು, ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಸ್ನಾಯುವಿನ ಒಳಗೆ ರಕ್ತ ಕಟ್ಟಿಕೊಳ್ಳಬಹುದು. ಅಂಥವರಿಗೆ ಚರ್ಮದಡಿ ಅಥವಾ ಜೆಲ್ ಕಡೆ ಯೋಚಿಸುತ್ತಾರೆ.

ಸಿರಿಂಜಿನ ವಿಷಯದಲ್ಲಿ ಮೋಸ ಹೋಗಬೇಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಪಾಯ ಇರುವುದು ಇಲ್ಲಿ. ಸಣ್ಣ ಡೋಸ್ ಅಂದ ಕೂಡಲೇ ಮೆಡಿಕಲ್ ಶಾಪಿನವರು ಇನ್ಸುಲಿನ್ ಸಿರಿಂಜ್ ಕೊಟ್ಟುಬಿಡುತ್ತಾರೆ. ನಮ್ಮ ದೇಶದಲ್ಲಿ ಇನ್ಸುಲಿನ್ ಸಿರಿಂಜ್ ಎರಡು ತರಹ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಯು-100ರಲ್ಲಿ 40ರ ಗೆರೆ ಅಂದರೆ 0.4 ಎಂಎಲ್, ಅಂದರೆ 100 ಮಿ.ಗ್ರಾಂ. ಯು-40ರಲ್ಲಿ ಅದೇ 40ರ ಗೆರೆ ಅಂದರೆ ಪೂರ್ತಿ 1 ಎಂಎಲ್, ಅಂದರೆ 250 ಮಿ.ಗ್ರಾಂ. ಇಂಟರ್‌ನೆಟ್‌ನಲ್ಲಿ "40 ಯೂನಿಟ್ ಎಳೆಯಿರಿ" ಅಂತ ಬರೆದಿರುವುದು ಯು-100 ನೋಡಿ. ಕೈಯಲ್ಲಿರುವುದು ಕೆಂಪು ಮುಚ್ಚಳದ್ದಾದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಅದಕ್ಕೆ ಯೂನಿಟ್ ಲೆಕ್ಕವೇ ಬೇಡ. ಎಂಎಲ್ ಗೆರೆ ಇರುವ 1 ಎಂಎಲ್ ಟ್ಯೂಬರ್‌ಕುಲಿನ್ ಸಿರಿಂಜ್ ಕೇಳಿ. ಹೇಗೂ ಇನ್ಸುಲಿನ್ ಸೂಜಿ ಕೂದಲೆಳೆ ಹಾಗಿರುತ್ತದೆ, ಎಣ್ಣೆ ಅದರಲ್ಲಿ ಮೇಲೇಳುವುದೇ ಕಷ್ಟ.

ಸ್ನಾಯುವಿಗೆ ಹಾಕಲು 2 ಎಂಎಲ್ ಸಿರಿಂಜ್ ಸಾಕು. ಸೂಜಿ ಎರಡು ಬೇಕು. ಎಣ್ಣೆ ಎಳೆಯಲು ದಪ್ಪದ್ದು, 18 ಅಥವಾ 20 ಗೇಜ್. ಚುಚ್ಚಲು 22ರಿಂದ 25 ಗೇಜ್. ಗೇಜ್ ನಂಬರ್ ಜಾಸ್ತಿ ಆದಷ್ಟೂ ಸೂಜಿ ತೆಳು ಅನ್ನುವುದು ನೆನಪಿರಲಿ. ಉದ್ದ ತೊಡೆಗೆ ಒಂದು ಇಂಚು, ಸೊಂಟಕ್ಕೆ ಒಂದೂವರೆ ಇಂಚು. ತೀರಾ ತೆಳ್ಳಗಿರುವವರಿಗೆ ಸೊಂಟಕ್ಕೂ ಒಂದು ಇಂಚು ಸಾಕಾಗಬಹುದು. ಮೈ ದಪ್ಪ ಇರುವವರಿಗೆ ಒಂದು ಇಂಚಿನದ್ದು ಸ್ನಾಯುವಿನವರೆಗೆ ತಲುಪದೇ ಕೊಬ್ಬಿನಲ್ಲೇ ನಿಂತುಬಿಡುತ್ತದೆ. ಚರ್ಮದಡಿಗೆ 25 ಅಥವಾ 26 ಗೇಜ್, ಅರ್ಧ ಇಂಚು. ಈ ಅಳತೆಗಳನ್ನು ಡಾಕ್ಟರ ಚೀಟಿಯಲ್ಲೇ ಬರೆಸಿಕೊಂಡು ಹೋದರೆ ಅಂಗಡಿಯಲ್ಲಿ ಗೊಂದಲ ಇರುವುದಿಲ್ಲ.

ಔಷಧಿಯನ್ನು ಚೀಟಿ ತೋರಿಸಿ, ಬಿಲ್ ಹಾಕಿಸಿಯೇ ತನ್ನಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ. ಜಿಮ್‌ನಲ್ಲಿ ಯಾರೋ ಕಡಿಮೆಗೆ ಕೊಡುತ್ತಾರೆ ಅಂತ ತೆಗೆದುಕೊಂಡರೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು.

ಹಾಕುವ ಹೊತ್ತಿನಲ್ಲಿ

ಸೋಪು ಹಾಕಿ ಕೈ ತೊಳೆಯಿರಿ. ಆಂಪೂಲನ್ನು ಐದು ನಿಮಿಷ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಮಲೆನಾಡಿನ ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿರುತ್ತದೆ, ಬೆಚ್ಚಗಾದರೆ ಸರಾಗವಾಗಿ ಬರುತ್ತದೆ. ಫ್ರಿಜ್‌ನಲ್ಲಿ ಇಡುವ ಔಷಧಿ ಅಲ್ಲ ಇದು. ಆಂಪೂಲಿನ ತಲೆಯನ್ನು ಬೆರಳಲ್ಲಿ ತಟ್ಟಿದರೆ ಮೇಲೆ ನಿಂತ ಎಣ್ಣೆ ಕೆಳಗಿಳಿಯುತ್ತದೆ. ಕತ್ತಿನ ಹತ್ತಿರ ಒಂದು ಚುಕ್ಕಿ ಇರುತ್ತದೆ. ಅದು ನಿಮ್ಮ ಕಡೆ ಇರಲಿ. ಗಾಜ್ ಬಟ್ಟೆ ಸುತ್ತಿ ತಲೆಯನ್ನು ಹಿಂದಕ್ಕೆ ಬಗ್ಗಿಸಿದರೆ ಟಪ್ ಅಂತ ಮುರಿಯುತ್ತದೆ. ದಪ್ಪ ಸೂಜಿಯಲ್ಲಿ ನಿಧಾನಕ್ಕೆ ಎಳೆದುಕೊಳ್ಳಿ. ಆಮೇಲೆ ಸೂಜಿ ಬದಲಾಯಿಸಿ. ಗಾಜಿಗೆ ತಾಗಿ ಮೊಂಡಾದ ಸೂಜಿಯಲ್ಲಿ ಚುಚ್ಚಿದರೆ ನೋವು, ಗಾಜಿನ ಚೂರೂ ಅದಕ್ಕೆ ಅಂಟಿರಬಹುದು. ಗುಳ್ಳೆಗಳನ್ನು ಮೇಲಕ್ಕೆ ತಟ್ಟಿ ಹೊರಗೆ ಬಿಡಿ.

ಸ್ಪಿರಿಟ್ ಹಚ್ಚಿ, ಅದು ಒಣಗುವವರೆಗೆ ತಡೆಯಿರಿ. ಒಣಗುವ ಮುಂಚೆ ಚುಚ್ಚಿದರೆ ಉರಿಯುತ್ತದೆ. ಚರ್ಮವನ್ನು ಒಂದು ಕಡೆಗೆ ಒಂದಿಂಚು ಎಳೆದು ಹಿಡಿದುಕೊಂಡು, ನೆಟ್ಟಗೆ, ಒಂದೇ ಸಲಕ್ಕೆ ಚುಚ್ಚಿ. ಸ್ವಲ್ಪ ಹಿಂದಕ್ಕೆ ಎಳೆದು ನೋಡಿ. ರಕ್ತ ಬಂದರೆ ಹೊರಗೆ ತೆಗೆದು ಹೊಸ ಸೂಜಿ, ಹೊಸ ಸಿರಿಂಜಿನಿಂದ ಮತ್ತೆ ಶುರು ಮಾಡಿ. ಬರದಿದ್ದರೆ ನಿಧಾನಕ್ಕೆ ತಳ್ಳಿ. 1 ಎಂಎಲ್‌ಗೆ ಅರ್ಧ ನಿಮಿಷ ತೆಗೆದುಕೊಂಡರೂ ತಪ್ಪಿಲ್ಲ. ತಳ್ಳಿ ಆದ ಮೇಲೆ ಹತ್ತು ಎಣಿಸಿ, ಸೂಜಿ ತೆಗೆದು, ಎಳೆದ ಚರ್ಮ ಬಿಟ್ಟುಬಿಡಿ. ಹತ್ತಿಯಿಂದ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಚರ್ಮದಡಿಗೆ ಹಾಕುವುದಾದರೆ ಹೊಕ್ಕುಳಿನಿಂದ ಎರಡು ಇಂಚು ದೂರ, ಕೊಬ್ಬನ್ನು ಮೆಲ್ಲಗೆ ಹಿಡಿದೆತ್ತಿ ಹಾಕಿ. ಹಿಂದಕ್ಕೆ ಎಳೆದು ನೋಡುವುದು ಅಲ್ಲಿ ಬೇಕಿಲ್ಲ.

ಒಂದು ಸಲ ಎಡ, ಇನ್ನೊಂದು ಸಲ ಬಲ. ಕ್ಯಾಲೆಂಡರಿನಲ್ಲಿ ತಾರೀಖಿನ ಮೇಲೆ ಬರೆದಿಡಿ. ಜಾಗ ಗಟ್ಟಿಯಾಗುವುದು, ಒಂದೆರಡು ದಿನ ನೋಯುವುದು ಸಹಜ. ಕೆಂಪಾಗಿ, ಬಿಸಿಯಾಗಿ, ದಿನದಿನಕ್ಕೆ ದಪ್ಪವಾದರೆ, ಜ್ವರ ಬಂದರೆ, ತಡಮಾಡದೆ ಬನ್ನಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಆಸ್ಪತ್ರೆಗೆ ತಂದುಕೊಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರು ಬರಿಗೈಯಲ್ಲಿ ಕೆಲಸ ಮಾಡುವುದನ್ನು ದಿನಾ ನೋಡುತ್ತೇವೆ.

ರಕ್ತ ಯಾವ ದಿನ ಕೊಡಬೇಕು

ವಿಧಾನ ಬದಲಾದರೆ ರಕ್ತ ಕೊಡುವ ದಿನವೂ ಬದಲಾಗುತ್ತದೆ. ಎನಾಂಥೇಟ್ ತೆಗೆದುಕೊಳ್ಳುವವರು ಎರಡು ಇಂಜೆಕ್ಷನ್ನಿನ ನಡುವಿನ ದಿನ ಕೊಡಬೇಕು. ಎರಡು ವಾರಕ್ಕೊಮ್ಮೆ ಆದರೆ ಏಳನೇ ದಿನ. ಇಂಜೆಕ್ಷನ್ ಆದ ಮಾರನೇ ದಿನ ಕೊಟ್ಟರೆ ವಿಪರೀತ ಜಾಸ್ತಿ ತೋರಿಸುತ್ತದೆ, ಸುಮ್ನೆ ಗಾಬರಿ. ಅನ್‌ಡಿಕೆನೊಯೇಟ್‌ನವರು ಮುಂದಿನದ್ದು ಹಾಕುವ ಮುಂಚೆ ಕೊಡಬೇಕು. ಲ್ಯಾಬ್ ಚೀಟಿಯ ಮೇಲೆ ಕೊನೆಯ ಇಂಜೆಕ್ಷನ್ ತಾರೀಖು ಬರೆದಿರಿ. ಅದಿಲ್ಲದೆ ರಿಪೋರ್ಟ್ ಓದುವುದು ಕಷ್ಟ.

ಹೆಮಟೋಕ್ರಿಟ್ ಮೂರರಿಂದ ಆರು ತಿಂಗಳ ಒಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕು. ಅದು ಶೇ. 54 ದಾಟಿದರೆ ರಕ್ತ ಮಂದವಾಗಿದೆ ಅಂತ. ಚಿಕಿತ್ಸೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸ್‌ನಲ್ಲಿ ಶುರು ಮಾಡುತ್ತಾರೆ. ಕಡಿಮೆ ದಿನ ನಿಲ್ಲುವ ಔಷಧಿಯನ್ನು ದೊಡ್ಡ ಡೋಸ್‌ನಲ್ಲಿ ಸ್ನಾಯುವಿಗೆ ಹಾಕಿಸಿಕೊಳ್ಳುವವರಲ್ಲಿ ಈ ತೊಂದರೆ ಜಾಸ್ತಿ. ಅವರಿಗೆ ಡೋಸ್ ಒಡೆದು ಕೊಡುವುದು, ಇಲ್ಲವೇ ವಿಧಾನ ಬದಲಿಸುವುದು ದಾರಿ.

ಬದಲಾಯಿಸಬೇಕು ಅನಿಸಿದರೆ

ಮೊದಲು ಆರಿಸಿದ್ದೇ ಕೊನೆಯವರೆಗೆ ಇರಬೇಕು ಅಂತೇನಿಲ್ಲ. ಕೆಲಸ ಬದಲಾಗುತ್ತದೆ, ಊರು ಬದಲಾಗುತ್ತದೆ, ಸೂಜಿ ಹಾಕುತ್ತಿದ್ದ ಹೆಂಡತಿ ಹೆರಿಗೆಗೆ ತವರಿಗೆ ಹೋಗುತ್ತಾರೆ. ಆಗ ಮತ್ತೆ ಕೂತು ಮಾತಾಡಬೇಕು. ಎನಾಂಥೇಟ್‌ನಿಂದ ಅನ್‌ಡಿಕೆನೊಯೇಟ್‌ಗೆ ಹೋಗುವವರಿಗೆ ಸಾಮಾನ್ಯವಾಗಿ ಮುಂದಿನ ಆಂಪೂಲ್ ಹಾಕಬೇಕಿದ್ದ ದಿನವೇ ಹೊಸದರ ಮೊದಲ ಸೂಜಿ, ಅಲ್ಲಿಂದ 6 ವಾರಕ್ಕೆ ಎರಡನೆಯದು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ. ಅಮೆರಿಕದಿಂದ ರಜೆಗೆ ಊರಿಗೆ ಬರುವವರು ತಮ್ಮ ಸಿಪಿಯೊನೇಟ್ ಬಾಟಲಿ, ಸಿರಿಂಜ್, ಡಾಕ್ಟರ ಚೀಟಿ ಮೂರನ್ನೂ ಜೊತೆಗೇ ತನ್ನಿ. ಇಲ್ಲಿ ಅದೇ ಸಿಗುತ್ತದೆ ಅಂತ ನಂಬಿಕೊಂಡು ಬಂದು, ಇಲ್ಲಿನ ಆಂಪೂಲಿನ ಮಿ.ಗ್ರಾಂ ಬೇರೆ ಅನ್ನುವುದನ್ನು ನೋಡದೆ ಅದೇ ಎಂಎಲ್ ಎಳೆದುಕೊಳ್ಳಬೇಡಿ. ಬಾಟಲಿ ಮರೆತು ಬಂದಿದ್ದರೆ ಅಲ್ಲಿನ ಡಾಕ್ಟರಿಗೆ ಒಂದು ಮೆಸೇಜ್ ಹಾಕಿ ಡೋಸನ್ನು ಮಿ.ಗ್ರಾಂ ಲೆಕ್ಕದಲ್ಲಿ ಬರೆಸಿಕೊಳ್ಳಿ, ಅದನ್ನು ತೋರಿಸಿ ಇಲ್ಲಿನ ಹಾರ್ಮೋನ್ ಡಾಕ್ಟರ ಹತ್ತಿರ ಚೀಟಿ ಮಾಡಿಸಿಕೊಳ್ಳಿ.